ಭಜ್ಜಿಯ ಪಂಕ್ತಿಗೆ ಬಂದ ಮುಖಂಡರು

ನೌಬಾದದ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಬಂಗಾಳದ ಗಂಡ ಹೆಂಡತಿ ಬಾಡಿಗೆಗಿದ್ದಾರೆ. ಅವನು ಟೈಲ್ಸ್ ಹಾಕುವವನು. ಅವಳು ಆಗ ತುಂಬಿದ ಬಸುರಿ. ಆಧಾರ್ ಕಾರ್ಡು ಸರಿಯಾಗಿಯೇ ಇತ್ತು. ಆದರೂ ಅವರ ಮಾತು ಕೇಳಿದವರೆಲ್ಲ ದೇಶದ ಗಡಿಯಾಚೆಯವರೇ ಎನ್ನುತ್ತಿದ್ದರು.

ನಮ್ಮ ಭಾಗದ ಮುಖಂಡರೊಬ್ಬರು ನಮ್ಮ ಯಜಮಾನರಿಗೆ ದೂರದ ಸಂಬಂಧದಲ್ಲಿ ತಮ್ಮ; ಅತ್ತಿಗೆಯೆಂದು ನನ್ನನ್ನು ವೈನಿ ಎನ್ನುತ್ತಾರೆ. ಮೊದಲು ಭಾಲ್ಕಿಯ ಸಭೆಯಲ್ಲಿ, ಯಾವ ದೇಶದವರಾದರೇನು, ಕಷ್ಟದಲ್ಲಿ ಬಂದವರಿಗೆ ಆಸರೆ ಕೊಡಬೇಕು ಎಂದಿದ್ದರು. ಆಮೇಲೆ ಅವರ ಪಕ್ಷ ಬದಲಾಯಿತು. ಔರಾದದಲ್ಲಿ, ನುಸುಳಿ ಬಂದವರನ್ನು ಗಡಿ ದಾಟಿಸುವ ತನಕ ನಿದ್ದೆ ಮಾಡುವುದಿಲ್ಲ ಎಂದರು. ಎರಡೂ ಕಡೆ ಚಪ್ಪಾಳೆ ಬಿತ್ತಂತೆ. ನನಗೆ ಸಿಟ್ಟೂ ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಕಸುವು ಬೇಕು.

ಅದೇ ವಾರ ಅವರ ಕಾರ್ಯಕರ್ತರು ಬಂದು, ಅಮಾವಾಸ್ಯೆ ಮುಗಿದ ಕೂಡಲೇ ಖೋಲಿ ಖಾಲಿ ಮಾಡಿಸಿ ಎಂದು ಹೇಳಿಹೋದರು. ಹೆರಿಗೆಯ ಹೊತ್ತಿನಲ್ಲಿ ಆ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು?

ಎಳ್ಳ ಅಮಾವಾಸ್ಯೆಗೆ ಇಬ್ಬರನ್ನೂ ಕಮಠಾಣದ ನಮ್ಮ ಹೊಲಕ್ಕೆ ಕರೆದೊಯ್ದೆ. ಆ ದಿನ ದಾರಿಹೋಕರನ್ನೂ ಕರೆದು, ಕಾಳು, ತರಕಾರಿ, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ ಬಡಿಸುವುದು ನಮ್ಮ ಪದ್ಧತಿ. ಪಂಕ್ತಿಯಲ್ಲಿ ಕೂತವರನ್ನು ಎಬ್ಬಿಸುವಂತಿಲ್ಲ. ಹೊಲದಿಂದ ಹೊಲಕ್ಕೆ ತಿರುಗುತ್ತ ಮುಖಂಡರೂ ಬಂದರು. ಅವರನ್ನು ಆ ಬಸುರಿಯ ಪಕ್ಕದಲ್ಲೇ ಕೂರಿಸಿದೆ.

"ಭಜ್ಜಿ ಜಬರ್ದಸ್ತ್ ಆಗ್ಯಾದ್ರಿ ವೈನಿ. ಈಕಿ ಯಾರ್ರಿ, ನಿಮ್ಮ ಸೊಸಿ ಏನು?"

"ನಮ್ಮ ಖೋಲ್ಯಾಗ ಇರಾಕಿರಿ. ನಿಮ್ಮ ಮಂದಿ ಹೊರಗ ಹಾಕ್ರಿ ಅಂದು ಹೋದ್ರಲ್ಲ, ಆಕಿನೇ."

ಅವರ ತುತ್ತು ಬಾಯಲ್ಲೇ ನಿಂತಿತು. "ಹಂಗಲ್ರಿ ವೈನಿ. ನಾ ಹೇಳಿದ್ದು ಬ್ಯಾರೆ ಮಂದಿಗ್ರಿ."

"ಎಲ್ಲಿ ಹೇಳಿದ್ರಿ ಸಾಹೇಬ್ರ? ಭಾಲ್ಕ್ಯಾಗೋ, ಔರಾದದಾಗೋ?"

ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ರೊಟ್ಟಿ ಹಂಚುತ್ತಿದ್ದ ನಮ್ಮ ಅತ್ತೆ ಬಿಡಲಿಲ್ಲ. "ರೊಟ್ಟಿ ಹೊಳ್ಳಿಸಿ ಹಾಕಿದ್ರ ಬೇಯ್ತದಪ್ಪಾ. ಮಾತು ಹೊಳ್ಳಿಸಿದ್ರ ಹಸೀನೇ ಉಳೀತದ."

ಮುಖಂಡರೂ ನಕ್ಕರು. ನಾನು ನಗಲಿಲ್ಲ. "ಒಂದೇ ಮಾತು ಹೇಳ್ರಿ. ಈಕಿ ಇರ್ಬೇಕೋ, ಬ್ಯಾಡೋ?"

ಪಕ್ಕದಲ್ಲಿ ಉಣ್ಣುತ್ತಿರುವವಳನ್ನು ಏಳು ಎನ್ನಲು ಯಾರಿಗೆ ಬಾಯಿ ಬರುತ್ತದೆ? "ಇರ್ಲಿ ಬಿಡ್ರಿ. ಬಾಣಂತನ ಮುಗಿಯೂ ತನಕ ಯಾರೂ ಬರಂಗಿಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಮೀಟಿಂಗ್‌ದಾಗ ನಾ ಏನರೆ ಅಂದ್ರ ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದರು.

ಮರುದಿನ ಬೀದರದಲ್ಲಿ ಔರಾದದ ಭಾಷಣವನ್ನೇ ಮಾಡಿದರು. ಆದರೆ ನಮ್ಮ ಓಣಿಗೆ ಯಾರೂ ಬರಲಿಲ್ಲ. ಸರಕಾರಿ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ತಾಯಿ, ಕೂಸು ಇಬ್ಬರೂ ಆರಾಮ. ಬಸವಣ್ಣನ ಫೋಟೋಕ್ಕೆ ಒಂದು ಹೂವು ಹೆಚ್ಚಿಗೆ ಏರಿಸಿದೆ.

ಈಗ ಬೆಳಿಗ್ಗೆ ಪೂಜೆ ಮುಗಿಸಿ ಕೂಸಿಗೆ ಎಣ್ಣೆ ಹಚ್ಚಿ ಎರೆಯುತ್ತೇನೆ. ಬಾಣಂತನ ಯಾವಾಗ ಮುಗಿಯುತ್ತದೆ ಎಂದು ಇನ್ನೂ ಯಾರೂ ಕೇಳಿಲ್ಲ. ಕೇಳಿದರೆ, ನಮ್ಮ ಕಡೆ ಐದು ತಿಂಗಳು ಎನ್ನುತ್ತೇನೆ. ಅಷ್ಟರೊಳಗೆ ಮುಖಂಡರ ಪಕ್ಷ ಇನ್ನೊಮ್ಮೆ ಬದಲಾಗಲೂಬಹುದು.