ಪಕ್ಕದ ಕುರ್ಚಿ

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಅಂಗಡಿಗಳಿಗೆ ಬಿಲ್, ಸ್ಟಾಕಿನ ಲೆಕ್ಕದ ಸಾಫ್ಟ್‌ವೇರ್ ಮಾರುವ ಕಂಪನಿಯಲ್ಲಿದ್ದರು. ಕೊಂಡವರ ಬಳಿ ಹೋಗಿ ಅದನ್ನು ಬಳಸಲು ಕಲಿಸುವುದು ಅವರ ಕೆಲಸ. ವಿಸಿಟಿಂಗ್ ಕಾರ್ಡಿನಲ್ಲಿ ಹುದ್ದೆಯ ಹೆಸರು ಎಷ್ಟು ಉದ್ದವಿತ್ತೆಂದರೆ, ಪಾಪ, ಫೋನ್ ನಂಬರು ಬೆನ್ನಿಗೆ ಹೋಗಿ ಕೂತಿತ್ತು.

ಮನೆಯೆಂದರೆ ಒಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ಆಗೊಮ್ಮೆ ಈಗೊಮ್ಮೆ ತಮ್ಮ ಫೋನ್ ಮಾಡಿ, "ಅಣ್ಣ, ಚೆನ್ನಾಗಿದ್ದೀಯಲ್ಲ?" ಎಂದು ಕೇಳಿ, "ಹಾಂ, ಸರಿ" ಎಂದು ಉತ್ತರವನ್ನೂ ತಾನೇ ಹೇಳಿ ಇಟ್ಟುಬಿಡುತ್ತಿದ್ದ. ಹೀಗಾಗಿ ಮೇಷ್ಟ್ರು ಮನಸಾರೆ ಮಾತಾಡುತ್ತಿದ್ದದ್ದು ಗಿರಾಕಿಗಳ ಹತ್ತಿರವೇ. ಅದರಲ್ಲೂ ಪೈಪು, ನಲ್ಲಿ ಮಾರುವ ಅಂಗಡಿಯ ಅಕೌಂಟೆಂಟಮ್ಮ ಪ್ರತಿ ತಿಂಗಳ ಕೊನೆಗೆ ತಪ್ಪದೆ ಕರೆಸುತ್ತಿದ್ದರು. ತಿಂಗಳ ಲೆಕ್ಕ ಮುಗಿಸುವ ಬಟನ್ ಒಮ್ಮೆ ಒತ್ತಿದರೆ ಮತ್ತೆ ತಿದ್ದುವಂತಿಲ್ಲ.

"ಮೇಷ್ಟ್ರೇ, ಒತ್ತಲಾ?"

"ಒತ್ತಿ ಮೇಡಂ."

"ಕೈಕೊಟ್ರೆ?"

"ನಾನಿದ್ದೀನಲ್ಲ."

"ಅದೇ ಭಯ," ಎನ್ನುತ್ತ ಒತ್ತುತ್ತಿದ್ದರು. ಆಮೇಲೆ ಟೀ, ಹರಟೆ. ಮೇಷ್ಟ್ರು ಆಫೀಸಿಗೆ ಮರಳಿ ಪ್ರತಿ ಗಿರಾಕಿಯ ಬಗ್ಗೆಯೂ ಅದೇ ವರದಿ ಬರೆಯುತ್ತಿದ್ದರು: 'ನನ್ನ ತರಬೇತಿಯಿಂದ ಈ ಗಿರಾಕಿ ಸಂಪೂರ್ಣ ಸ್ವಾವಲಂಬಿ.'

ಅದನ್ನು ಯಾರಾದರೂ ಓದಿಯಾರೆಂಬ ಕಲ್ಪನೆಯೇ ಅವರಿಗಿರಲಿಲ್ಲ. ಹೊಸ ಮ್ಯಾನೇಜರ್ ಓದಿದ.

"ಭೇಷ್ ಸರ್! ಎಲ್ರನ್ನೂ ಸ್ವಾವಲಂಬಿ ಮಾಡ್ಬಿಟ್ಟಿದ್ದೀರಿ. ಇನ್ಯಾಕೆ ಓಡಾಟ? ಭೇಟಿ ನಿಲ್ಸೋಣ ಅಂತಿದ್ದೀವಿ. ಯಾವುದಕ್ಕೂ ಗಿರಾಕಿಗಳಿಗೆ ನಮ್ಮಿಂದ ಏನು ಬೇಕು ಅಂತ ಒಂದ್ಸಲ ಕೇಳ್ಕೊಂಡು ಬನ್ನಿ."

ಮೇಷ್ಟ್ರು ಚೀಲ ಹೆಗಲಿಗೇರಿಸಿದರು. ನೇರ ಅಕೌಂಟೆಂಟಮ್ಮನ ಬಳಿಗೆ ಹೋದರು.

"ಹೊಸ ಸೌಲಭ್ಯ ಬೇಕಾ ಮೇಡಂ? ಇನ್ನೂ ಬೇಗ ಕೆಲ್ಸ ಆಗ್ಬೇಕಾ?"

"ಅದೆಲ್ಲ ನೀವೇ ಇಟ್ಕೊಳ್ಳಿ. ಬಟನ್ ಒತ್ತುವಾಗ ಪಕ್ಕದಲ್ಲಿ ಒಬ್ರು ಕೂತಿರ್ಬೇಕು, ಅಷ್ಟೇ."

ಮೇಷ್ಟ್ರ ಎದೆ ಉಬ್ಬಿತು. ಯಾರು ಎಂದು ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ಮೇಷ್ಟ್ರು ತಂದ ಉತ್ತರ ಕೇಳಿ ಮ್ಯಾನೇಜರ್ ತಲೆ ಕೆರೆದುಕೊಂಡ. "ಪಕ್ಕದಲ್ಲಿ ಕೂರೋದನ್ನ ಸಾಫ್ಟ್‌ವೇರಿಗೆ ಹೇಗೆ ಸೇರ್ಸೋದು ಸರ್? ಅಲ್ದೆ ಅವ್ರು ಸ್ವಾವಲಂಬಿ ಅಂತ ನೀವೇ ಬರ್ದಿದ್ದೀರಲ್ಲ!"

ಸ್ವಲ್ಪ ಉಪ್ಪುಖಾರ ಹಚ್ಚಿ ಬರೆದದ್ದು ಎನ್ನಲು ಮೇಷ್ಟ್ರಿಗೆ ನಾಲಿಗೆ ಏಳಲಿಲ್ಲ. ಭೇಟಿ ನಿಂತಿತು.

ತಿಂಗಳ ಕೊನೆ ಬಂತು. ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಾಪ, ಅಕೌಂಟೆಂಟಮ್ಮ ಒಬ್ಬರೇ ಹೆದರಿ ಕೂತಿರುತ್ತಾರೆ ಎಂದು ಕನಿಕರಪಡುತ್ತ ಮೇಷ್ಟ್ರು ಅಂಗಡಿಗೆ ಹೊರಟರು.

ಬಾಗಿಲಲ್ಲೇ ಕಾಲು ನಿಂತಿತು. ಅಕೌಂಟೆಂಟಮ್ಮನ ಪಕ್ಕದ ಕುರ್ಚಿಯಲ್ಲಿ ಅಂಗಡಿಯ ವಾಚ್‌ಮನ್. ಟೋಪಿ ತೊಡೆಯ ಮೇಲೆ, ಕಣ್ಣು ಪರದೆಯ ಮೇಲೆ. ಹುಟ್ಟಿದಾರಭ್ಯ ಕಂಪ್ಯೂಟರ್ ಮುಟ್ಟಿದವನಲ್ಲ.

"ಒತ್ತಲೇನೋ?"

"ಒತ್ತಿ ಅಮ್ಮ."

"ಕೈಕೊಟ್ರೆ?"

"ನಾನಿದ್ದೀನಲ್ಲ."

ಒತ್ತಿದರು. ತಿಂಗಳು ಸುಸೂತ್ರವಾಗಿ ಮುಗಿಯಿತು. ಇಬ್ಬರೂ ನಕ್ಕರು. ಆಗ ಅವರ ಕಣ್ಣಿಗೆ ಮೇಷ್ಟ್ರು ಬಿದ್ದರು.

"ಅಯ್ಯೋ ಮೇಷ್ಟ್ರೇ, ಬನ್ನಿ ಬನ್ನಿ! ಇನ್ನೊಂದು ಕುರ್ಚಿ ಹಾಕಿಸ್ತೀನಿ."

"ಬೇಡ ಬೇಡ, ಹೀಗೇ ಈ ಕಡೆ ಬಂದಿದ್ದೆ. ಎಲ್ಲ ಸರಿಹೋಯ್ತಲ್ಲ?"

"ಹೋಗ್ದೆ ಏನು? ಕಲ್ಸಿದ್ದು ಯಾರು!"

ಮೇಷ್ಟ್ರು ಬೀದಿಗಿಳಿದರು. ಕೋಣೆಯ ಕಡೆ ಕಾಲು ಏಳಲಿಲ್ಲ. ಅಪರೂಪಕ್ಕೆ ತಾವೇ ತಮ್ಮನಿಗೆ ಫೋನ್ ಮಾಡಿದರು.

"ಏನಣ್ಣ, ಏನಾದ್ರೂ ತೊಂದ್ರೆನಾ?"

"ಏನಿಲ್ಲ. ಸುಮ್ನೆ ಸ್ವಲ್ಪ ಹೊತ್ತು ಲೈನಲ್ಲಿರ್ತೀಯಾ?"

ತಮ್ಮ ಯೋಚಿಸಿದ. "ಎಷ್ಟು ಹೊತ್ತಣ್ಣ?"