ಯಾವ ಫೋನಿಗೂ ಒಗ್ಗುವ ಕಂಬಳಿ

ದೇವಸಮುದ್ರದ ಬಸ್‌ಸ್ಟಾಪಿನಲ್ಲಿ ಇನ್ನೂ ಮಬ್ಬುಗತ್ತಲು. ಚಳ್ಳಕೆರೆಯ ಮೊದಲ ಬಸ್ಸಿಗೆ ಕಾದು ನಿಂತವರ ನಡುವೆ ರೂಪ ಕೈ ಚಾಚಿಕೊಂಡು ಓಡಾಡುತ್ತಿದ್ದಾಳೆ. ಕೇಳುತ್ತಿರುವುದು ಬೇರೇನಲ್ಲ, ಫೋನು. "ಮೂಡಲಗಿರಿಯಪ್ಪಜ್ಜ, ಒಂಚೂರು ಫೋನ್ ಕೊಡ್ರಿ, ಈಗ್ಲೇ ಕೊಡ್ತೀನಿ." ಕುರಿ ಕಾಯುವ ಅಜ್ಜ ಗೊಣಗುತ್ತಲೇ ಗಾಜು ಒಡೆದ ಪುಟ್ಟ ಫೋನನ್ನು ಹೊರತೆಗೆಯುತ್ತಾರೆ. "ದಿನಾ ಇದೇ ಆತಲ್ಲವ್ವ ನಿಂದು!"

ರೂಪ ಚಳ್ಳಕೆರೆಯ ಅಂಗಡಿಯೊಂದರಲ್ಲಿ ವೆಬ್ ಪುಟಗಳನ್ನು ಮಾಡುತ್ತಾಳೆ. ಬೆಳಗಿನ ಈ ಕೆಲಸಕ್ಕೆ ಮಾತ್ರ ಸಂಬಳವಿಲ್ಲ. ಅವ್ವ ನಾಗಕ್ಕ ನೇಯುವ ಕಂಬಳಿಗಳಿಗೆಂದೇ ಅವಳೊಂದು ಪುಟ ಮಾಡಿದ್ದಾಳೆ. ಅದು ಎಲ್ಲರ ಫೋನಿನಲ್ಲೂ ಸರಿಯಾಗಿ ಕಾಣುತ್ತದೆಯೇ ಎಂದು ದಿನಾ ಹೀಗೆ ಕೇಳಿ ನೋಡುತ್ತಾಳೆ. "ಈ ಚಳಿಗಾಲ ನೋಡ್ತೀನಿ. ಕೊಳ್ಳೋರು ಬರ್ಲಿಲ್ಲಾಂದ್ರೆ ಮಗ್ಗ ಬಿಚ್ಚಿಡ್ತೀನಿ" ಎಂದು ಅವ್ವ ಹೇಳಿದ ದಿನದಿಂದ ಮಗಳಿಗೆ ಅದೊಂದೇ ಚಿಂತೆ.

ನಾಗಕ್ಕನ ಕಂಬಳಿ ಎರಡು ಪಟ್ಟಿಯಾಗಿ ನೇಯ್ದು ನಡುವೆ ಹೊಲಿಯುವಂಥದ್ದು. ಪುಟದಲ್ಲೂ ಹಾಗೆಯೇ. ಎಡಪಟ್ಟಿಗೊಂದು, ಬಲಪಟ್ಟಿಗೊಂದು ಬಣ್ಣ ಆರಿಸಿದರೆ ಕಂಬಳಿ ಕಣ್ಣೆದುರೇ ಸಿದ್ಧ. ಫೋನುಗಳ ಅಗಲ ಒಂದರಂತೆ ಒಂದಿಲ್ಲ. ಅದಕ್ಕೇ ರೂಪ, ಪರದೆ ಎಷ್ಟೇ ಅಗಲವಿರಲಿ, ಒಂದೊಂದು ಪಟ್ಟಿಗೆ ಅದರಲ್ಲಿ ಶೇಕಡಾ ಐವತ್ತು ಎಂದು ಬರೆದಳು. ಚೆಂದಕ್ಕೆಂದು ನಡುವೆ ಹೊಲಿಗೆಯ ಗೆರೆಯನ್ನೂ ಎಳೆದಳು. ಅಲ್ಲೇ ಎಡವಟ್ಟಾಯಿತು. ಎರಡು ಐವತ್ತು ಸೇರಿ ನೂರು ತುಂಬಿದ ಮೇಲೆ ಗೆರೆಗೆ ಜಾಗವೆಲ್ಲಿ? ಬಲಪಟ್ಟಿ ಜಾರಿ ಕೆಳಗಿನ ಸಾಲಿಗೆ ಬಿತ್ತು. ಮೊಳಕಾಲ್ಮುರಿನ ಶಾಂತಕುಮಾರಿ ಎಂಬುವರು ಫೋನ್ ಮಾಡಿ, "ಏನ್ರೀ, ಅರ್ಧ ಕಂಬಳಿನೂ ಮಾರ್ತೀರಾ?" ಎಂದರಂತೆ.

"ಅಳೂನೂ ಬಂತು, ನಗೂನೂ ಬಂತು" ಎನ್ನುತ್ತಾಳೆ ರೂಪ. "ಅವ್ವ ಪಟ್ಟಿ ಜೋಡಿಸ್ತಾ ಕುಂತಿದ್ಲು. ಎರಡೂ ಅಂಚು ಒಂದೀಟು ಒಳಗೆ ತಗಂಡು ಹೊಲೀತಿದ್ಲು. ಹುಟ್ಟಿದಾಗಿಂದ ನೋಡಿರೋದೇ! ಅವತ್ತು ತಟ್ಟಂತ ಹೊಳೀತು, ಎದ್ದು ಕುಣಿದುಬಿಟ್ಟೆ." ಈಗ ಒಂದೊಂದು ಪಟ್ಟಿಯ ಪಾಲಿನಿಂದಲೂ ಗೆರೆಯ ಅರ್ಧ ಅಗಲ ಕಳೆಯುವಂತೆ ಬರೆದಿದ್ದಾಳೆ.

ಅಜ್ಜನ ಒಡಕು ಗಾಜಿನ ಹಿಂದೆ ಪುಟ ನಿಧಾನಕ್ಕೆ ತೆರೆದುಕೊಳ್ಳುತ್ತದೆ. ಈ ಸ್ಟಾಪಿನಲ್ಲಿ ಇದಕ್ಕಿಂತ ಚಿಕ್ಕ ಪರದೆಯಿಲ್ಲ. ಎಡಕ್ಕೆ ಕರಿ, ಬಲಕ್ಕೆ ಕಂದು, ನಡುವೆ ಹೊಲಿಗೆ. "ಪೂರಾ ಐತೆ ಕಣವ್ವ!" ಎಂದು ಅಜ್ಜನೇ ಕೂಗುತ್ತಾರೆ. ರೂಪಳ ಖುಷಿಗೆ ಪಾರವಿಲ್ಲ.

ಶಾಂತಕುಮಾರಿ ಆಗಲೇ ಪೂರಾ ಕಂಬಳಿಗೆ ಹೇಳಿದ್ದಾರೆ, ಅವರ ಓರಗಿತ್ತಿಯರೂ ಕೇಳುತ್ತಿದ್ದಾರೆ. ಅವ್ವ ಮಗ್ಗ ಬಿಚ್ಚುವ ಮಾತನ್ನೇ ಮರೆತಿದ್ದಾಳೆ. ಬಸ್ಸು ಬಂತು. ಪುಟದಲ್ಲಿ ನಿನ್ನ ಹೆಸರೇ ಇಲ್ಲವಲ್ಲ ಎಂದರೆ ರೂಪ ಮೆಟ್ಟಿಲ ಮೇಲಿಂದ ತಿರುಗಿ ನಗುತ್ತಾಳೆ.

"ಜಾಗ ಎಲ್ಲೈತ್ರಿ? ನೂರಕ್ಕೆ ನೂರೂ ಅವ್ವನ ಕಂಬಳಿಗೇ ಆತು."