ಚಂದ್ರಿಕೆಯ ಸರದಿ

ಯಾವುದೇ ಕೆಲಸ ನಿಧಾನವಾಗಿ ನಡೆಯುವುದನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ವಿರೂಪಾಕ್ಷಿಪುರದ ಹತ್ತಿರದ ನಮ್ಮೂರಿನ ಮಹಿಳಾ ಸಂಘದಲ್ಲಿ ಚಂದ್ರಿಕೆಗಳಿವೆ. ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ದೊಡ್ಡ ಬಿದಿರಿನ ತಟ್ಟೆಗಳು ಅವು. ಮೊದಲು ಹೆಸರು ಹೇಳಿದವರಿಗೆ ಮೊದಲು ಕೊಡುವುದು ಪದ್ಧತಿ. ಆದರೆ ಒಬ್ಬೊಬ್ಬರೂ ಮೂರು ಮೂರು ಸಲ ಮೆಸೇಜು ಹಾಕಿ ಪಟ್ಟಿಯನ್ನು ಗಜಿಬಿಜಿ ಮಾಡುತ್ತಿದ್ದರು. ಚನ್ನಪಟ್ಟಣದಲ್ಲಿ ಕಂಪ್ಯೂಟರ್ ಪಾಠ ಮಾಡುವ ನಾನು, ಇದೇನು ಮಹಾ ಎಂದು ಆ ಪಟ್ಟಿಯನ್ನು ವಹಿಸಿಕೊಂಡು, ಒಂದು ಪ್ರೋಗ್ರಾಂ ಬರೆದು ಹೆಸರುಗಳನ್ನೆಲ್ಲ ಒಂದು ಸೆಟ್‌ಗೆ ಸುರಿದೆ. ಸೆಟ್‌ನಲ್ಲಿ ಒಂದು ಹೆಸರು ಎರಡು ಸಲ ನಿಲ್ಲುವುದಿಲ್ಲ. ಅದಕ್ಕೆ ಹಿಂದು ಮುಂದು ಎಂಬುದೂ ಇಲ್ಲ. ದಿನಾ ಪಾಠ ಮಾಡುವವಳು, ಅವಸರದಲ್ಲಿ ಅದನ್ನೇ ಮರೆತೆ.

ಬೆಳಗಾದರೆ ಪಟ್ಟಿಯ ಕ್ರಮ ಬದಲು. "ನಿನ್ನೆ ಮೂರ್ನೇವ್ಳು, ಇವತ್ತು ಹನ್ನೊಂದ್ನೇವ್ಳು ಹೆಂಗಾದೆ ಕಣವ್ವ?" ಎಂದು ಒಬ್ಬಾಕೆ ಬಾಗಿಲಿಗೇ ಬಂದಳು. ನನಗೆ ಉರಿದುಹೋಯಿತು. ನಿಂತ ಕಾಲಲ್ಲೇ ಒಂದು ಸಾಲು ಸೇರಿಸಿದೆ: ಸೆಟ್ಟನ್ನು ಅಕಾರಾದಿಯಾಗಿ ಜೋಡಿಸಿ ಲಿಸ್ಟ್ ಮಾಡು. ಪಟ್ಟಿ ಅಲುಗಾಡದೆ ನಿಂತಿತು. ಬೀಗಿದೆ.

ಎಲ್ಲರಿಗಿಂತ ಮೊದಲು ಹೆಸರು ಹೇಳಿದ್ದು ನಮ್ಮ ಚಿಕ್ಕಮ್ಮ. ಮೆಸೇಜು ಹಾಕಲು ಬಾರದೆ ನಮ್ಮ ಮನೆಗೇ ಬಂದು ನನಗೆ ಹೇಳಿ ಹೋಗಿದ್ದಳು. ಅವಳ ಹೆಸರು ಹಕಾರದ್ದು, ಕಟ್ಟಕಡೆಗೆ ಹೋಯಿತು.

ಹುಳು ಹಣ್ಣಾದರೂ ಅವಳಿಗೆ ಚಂದ್ರಿಕೆ ಸಿಕ್ಕಿಲ್ಲವೆಂದು ತಿಳಿದು ನಾಲ್ಕನೇ ದಿನ ಅವಳ ಮನೆಗೆ ಓಡಿದೆ. ಹಣ್ಣಾದ ಹುಳುಗಳು ಕಾಯುತ್ತವೆಯೇ? ಗೋಡೆ, ತೊಲೆ, ಸೊಪ್ಪಿನ ಕಡ್ಡಿ, ಸಿಕ್ಕಲ್ಲೆಲ್ಲ ನೂಲು ಬಿಡುತ್ತಿದ್ದವು. ಚಿಕ್ಕಮ್ಮ ಒಂದೊಂದನ್ನೇ ಬಿಡಿಸುತ್ತಿದ್ದಳು. ಪಟ್ಟಿಯಲ್ಲಿ ಮುಂದಿದ್ದವರು, ತಮ್ಮ ಹುಳು ಇನ್ನೂ ಸೊಪ್ಪು ತಿನ್ನುತ್ತಿದ್ದರೂ, ಎಲ್ಲಿ ಸರದಿ ತಪ್ಪುತ್ತದೋ ಎಂದು ಚಂದ್ರಿಕೆಗಳನ್ನು ಹೊತ್ತೊಯ್ದಿದ್ದರು.

"ಮೊದ್ಲು ಹೇಳಿದ್ದು ನಾನಲ್ವೇನವ್ವ?" ಎಂದಳು.

"ಹೂಂ ಚಿಕ್ಕಮ್ಮ."

"ಸಂಘದಲ್ಲಿ ಆ ಮಾತು ಹೇಳ್ಬುಡು, ಸಾಕು."

ಮಾರನೇ ದಿನ ಸಭೆಯಲ್ಲಿ ಸಂಘದ ಅಧ್ಯಕ್ಷೆ ನನ್ನನ್ನೇ ಕೇಳಿದರು: "ಯಾರು ಮೊದ್ಲು ಹೇಳಿದ್ದು ಅಂತ ಕಂಪ್ಯೂಟ್ರಲ್ಲಿ ಐತಾ?" ಇರಲಿಲ್ಲ. ಯಾರ ಹಿಂದೆ ಯಾರು ಬಂದರೆಂಬುದನ್ನು ಸೆಟ್ ಮೊದಲ ದಿನವೇ ಚೆಲ್ಲಿಬಿಟ್ಟಿತ್ತು. ಎಷ್ಟು ಜೋಡಿಸಿದರೂ ಅದು ವಾಪಸು ಬರುವುದಿಲ್ಲ. ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಚಿಕ್ಕಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳೇ ಮೊದಲು ಎಂದರೆ, ತಪ್ಪು ನನ್ನದೆಂದು ಅಷ್ಟು ಜನರ ಮುಂದೆ ಒಪ್ಪಿಕೊಳ್ಳಬೇಕಿತ್ತು.

"ಇಲ್ಲ," ಎಂದೆ.

ಮುಂದಿನ ಬೆಳೆಗೆ ಚಿಕ್ಕಮ್ಮ ಸಂಘದಲ್ಲಿ ಹೆಸರು ಕೊಡಲಿಲ್ಲ. ಬೈರಾಪಟ್ಟಣದಿಂದ ಬಾಡಿಗೆಗೆ ಚಂದ್ರಿಕೆ ತರಿಸಿದಳು. ಆ ಆಳೆತ್ತರದ ತಟ್ಟೆಗಳನ್ನು ಗಾಡಿಯಿಂದ ಇಳಿಸಲು ಇಬ್ಬರು ಬೇಕು. ನಾನು ಅವಳ ಮನೆಯ ಹೊಸಿಲಲ್ಲೇ ನಿಂತಿದ್ದೆ. ಅವಳು ನನ್ನನ್ನು ಕರೆಯದೆ ಒಬ್ಬಳೇ ಇಳಿಸಿಕೊಂಡಳು.